ಮುರಿದ ಸಂಘದಿಂದ ಮೂಡಿದ ಸಂಘ

ಪಾಂಡವಪುರದ ಸುತ್ತಣ ಹಳ್ಳಿಗಳಲ್ಲಿ ಮಹಿಳೆಯರು ಒಂದೆಡೆ ಕುಳಿತು ಉಳಿತಾಯದ ಹಣವನ್ನೆಣಿಸಿ, ಪುಸ್ತಕದಲ್ಲಿ ಬರೆಸಿ, ಅಗತ್ಯವುಳ್ಳವರಿಗೆ ಸಾಲ ಕೊಡುವುದನ್ನು ನಾವೆಲ್ಲರೂ ಕಂಡಿದ್ದೇವೆ. ಈ ಸ್ವಸಹಾಯ ಸಂಘಗಳ ಚರಿತ್ರೆಯ ಮುಖ್ಯ ಎಳೆಯೊಂದು ನಮ್ಮ ನಾಡಿನಲ್ಲಿಯೇ ಆರಂಭವಾಯಿತೆಂಬುದು ಸ್ಮರಣೀಯ.

ಟಿಬೆಟ್ಟಿನಿಂದ ಬಂದ ನಿರಾಶ್ರಿತರಿಗೆ ಅಂದಿನ ಮೈಸೂರು ಸರ್ಕಾರವು 1960ರ ಸುಮಾರಿಗೆ ಬೈಲಕುಪ್ಪೆಯಲ್ಲಿ ಭೂಮಿಯನ್ನಿತ್ತಿತು. ಅಂತಹ ಪುನರ್ವಸತಿಗೆ ನೆರವಾಗಲೆಂದು 1968ರಲ್ಲಿ ಮೈರಾಡ ಸಂಸ್ಥೆ ಸ್ಥಾಪಿತವಾಯಿತು. ಹೊರದೇಶದ ದಾನಿಗಳ ಸಹಾಯವೂ ಒದಗಿತು. ಆ ಕಾರ್ಯ ಮುಗಿಯುತ್ತ ಬಂದಂತೆ ಸಂಸ್ಥೆಯು ನಾಡಿನ ಬಡ ಗ್ರಾಮಸ್ಥರತ್ತ ತಿರುಗಿ, ಅವರಿಗೆ ಸಹಕಾರ ಸಂಘಗಳ ಮೂಲಕ ಸಾಲ ದೊರಕಿಸಲು ಯತ್ನಿಸಿತು.

1984-85ರಲ್ಲಿ ಅಂತಹ ಹಲವು ಸಂಘಗಳು ಮುರಿದುಬಿದ್ದವು. ನೂರಾರು ಸದಸ್ಯರ ನಡುವೆ ಕೆಲವರ ಮಾತೇ ನಡೆಯುತ್ತಿತ್ತು. ಉಳಿದವರಿಗೆ ನಂಬಿಕೆ ಹೋಗಿತ್ತು. ಆದರೂ ಸಾಲಗಾರರಲ್ಲಿ ಹಲವರು ತಲೆತಪ್ಪಿಸಿಕೊಳ್ಳಲಿಲ್ಲ. ಹಣ ಹಿಂದಿರುಗಿಸಲು ಸಿದ್ಧರಿದ್ದೇವೆ, ಆದರೆ ಆ ಸಂಘಕ್ಕೆ ಕಟ್ಟೆವು ಎಂದು ಮೈರಾಡದವರ ಬಳಿಗೆ ಬಂದು ತಿಳಿಸಿದರು.

ಬರೆದಿಟ್ಟ ಯೋಜನೆಯನ್ನೇ ಹಿಡಿದು ಕುಳಿತಿದ್ದರೆ ಕಥೆ ಅಲ್ಲಿಗೇ ಮುಗಿಯುತ್ತಿತ್ತು. ಸಂಸ್ಥೆಯು ಜನರ ಮಾತಿಗೆ ಕಿವಿಗೊಟ್ಟು ಯೋಜನೆಯನ್ನು ತಿದ್ದಿತು. ಪರಸ್ಪರ ನಂಬುಗೆಯುಳ್ಳ ಹತ್ತಿಪ್ಪತ್ತು ಮಂದಿ ಕೂಡಿ, ಹಣವನ್ನು ತಮ್ಮ ಗುಂಪಿಗೇ ಕಟ್ಟಿ, ಯಾರಿಗೆ, ಯಾವುದಕ್ಕೆ ಸಾಲವೆಂಬುದನ್ನು ತಾವೇ ನಿರ್ಣಯಿಸುವ ಪದ್ಧತಿ ಬೆಳೆಯಿತು. 1986-87ರ ವೇಳೆಗೆ ಅಂತಹ ಗುಂಪುಗಳು ಸುಮಾರು 300 ಆದವು. 1987ರಲ್ಲಿ ನಬಾರ್ಡ್ ಈ ಪ್ರಯೋಗಕ್ಕೆ 10 ಲಕ್ಷ ರೂಪಾಯಿ ನೀಡಿತು. 1992ರಲ್ಲಿ 500 ಗುಂಪುಗಳನ್ನು ಬ್ಯಾಂಕುಗಳೊಡನೆ ಜೋಡಿಸುವ ಯೋಜನೆಯನ್ನು ತಾನೇ ಕೈಗೊಂಡಿತು. ಕರ್ನಾಟಕ ಸರ್ಕಾರದ ಸ್ತ್ರೀಶಕ್ತಿ ಯೋಜನೆ ಬಂದದ್ದು 2000-01ರಲ್ಲಿ.

ಕೊಟ್ಟ ಹಣಕ್ಕೆ ದಾನಿಗಳು ಲೆಕ್ಕ ಕೇಳುವುದು ನ್ಯಾಯವೇ. ಆದರೆ ಇಂತಿಷ್ಟು ಸಂಘಗಳಾಗಬೇಕೆಂಬ ಗುರಿಗಾಗಿ, ಒಬ್ಬರನ್ನೊಬ್ಬರು ನಂಬದವರನ್ನು ಕೂಡಿಹಾಕಿದರೆ, ಹಿಂದಿನ ಸಹಕಾರ ಸಂಘಗಳ ಗತಿಯೇ ಮರುಕಳಿಸೀತು. ಆಗ ಸಾಲದ ಹೊರೆ ಉಳಿಯುವುದು ಬಡವರ ತಲೆಯ ಮೇಲೆ. ಶತಮಾನೋತ್ಸವದ ಈ ಶುಭ ಸಂದರ್ಭದಲ್ಲಿ ಹೊಸ ಸೇವಾಕಾರ್ಯಗಳನ್ನು ಯೋಜಿಸುತ್ತಿರುವ ನಮ್ಮ ಧರ್ಮಕೇಂದ್ರದ ಭಕ್ತಾದಿಗಳೂ ಇದನ್ನು ಮನಗಾಣುವುದೊಳಿತು. ಯಾರಿಗಾಗಿ ಯೋಜನೆಯೋ ಅವರನ್ನು ಮೊದಲು ಕೇಳೋಣ. ನಡೆನಡೆಯುತ್ತ ಮತ್ತೆ ಕೇಳೋಣ. ತಿದ್ದಬೇಕಾದುದನ್ನು ಸಕಾಲದಲ್ಲಿ ತಿದ್ದೋಣ.