ಯಾರ ಹೊಟ್ಟೆನೋವಿಗೆ ಯಾರ ಲೆಕ್ಕ?

ಕರುಳಿಗೆ ಉರಿಯೂತ ತರುವ ಕ್ರೋನ್ ಕಾಯಿಲೆಯನ್ನು ನ್ಯೂಯಾರ್ಕಿನ ವೈದ್ಯರು ವಿವರಿಸಿದ್ದು 1932ರಲ್ಲಿ. ಅದರೊಡನೆ ನಂಟಿರುವ ನಾಡ್-2 ಜೀನು ಸಿಕ್ಕಿದ್ದು 2001ರಲ್ಲಿ.

2007ರಲ್ಲಿ ಬ್ರಿಟನ್ನಿನ ವಿಜ್ಞಾನಿಗಳು ಸುಮಾರು 2,000 ರೋಗಿಗಳ ಮತ್ತು 3,000 ಇತರರ ಡಿಎನ್‌ಎಯನ್ನು 5 ಲಕ್ಷದಷ್ಟು ಕಡೆ ಹೋಲಿಸಿ ನೋಡಿದರು. ಇಪ್ಪತ್ತಕ್ಕೊಂದು ತಪ್ಪನ್ನು ಒಪ್ಪಿದರೂ ಸಾಕು, 25,000 ಕಡೆ ಬರೀ ಆಕಸ್ಮಿಕವೇ ಕಾರಣದಂತೆ ಕಾಣುತ್ತದೆ! ಅದಕ್ಕೇ ಸಂಖ್ಯಾಶಾಸ್ತ್ರದ ಜರಡಿಯ ಕಣ್ಣನ್ನು ಸಣ್ಣ ಮಾಡಿದರು. ಬಲವಾಗಿ ನಿಂತದ್ದು 9 ಜಾಗ.

ಆದರೆ ಅವರೆಲ್ಲ ಯುರೋಪ್ ಮೂಲದವರು. ಅಲ್ಲಿನ ನಾಡ್-2 ಬದಲಾವಣೆಗಳು ನಮ್ಮ ದೇಶದ ರೋಗಿಗಳಲ್ಲಿ ಅಪರೂಪ. 2025ರ ಜನವರಿಯಲ್ಲಿ, ಬೆಂಗಳೂರಿನ ಮಿದುಳು ಸಂಶೋಧನಾ ಕೇಂದ್ರದ ಮುಂದಾಳತ್ವದ ‘ಜೀನೋಮ್‌ಇಂಡಿಯಾ’ ಸುಮಾರು 10,000 ಆರೋಗ್ಯವಂತ ಭಾರತೀಯರ ಮಾಹಿತಿಯನ್ನು ಸಂಶೋಧಕರಿಗೆ ತೆರೆಯಿತು. ಹೋಲಿಸಲು ನಮ್ಮವರ ಲೆಕ್ಕ ಸಿಕ್ಕಿತು. ಇನ್ನು ನಮ್ಮ ರೋಗಿಗಳ ಲೆಕ್ಕವೂ ಬೆಳೆಯಬೇಕು, ಅಲ್ಲವೇ?