ಗೇರುಸೊಪ್ಪೆ ಘಟ್ಟ ಹತ್ತಿದ ಒಂದು ಬಳಗ

ಶನಿವಾರ ಕಚೇರಿಯ ಕೆಲಸ ಮುಗಿಸಿ, ನಾಲ್ಕು ಮಂದಿ ಗೆಳೆಯರು ಬುತ್ತಿ ಕಟ್ಟಿಕೊಂಡು, ಘಟ್ಟದ ಮಳೆಕಾಡಿನಲ್ಲಿ ಒಂದು ರಾತ್ರಿ ಕಳೆದು, ಭಾನುವಾರ ದೀಪ ಹಚ್ಚುವ ಹೊತ್ತಿಗೆ ಮನೆ ಸೇರುವ ಹವ್ಯಾಸ ಈಗ ನಮ್ಮ ಪಟ್ಟಣಗಳಲ್ಲಿ ಬಹಳವಾಗಿದೆ. ನಿಮ್ಮ ಮನೆಯಲ್ಲೂ ಅಂಥ ಮಗನೋ ಮಗಳೋ ಇದ್ದರೆ ಆಶ್ಚರ್ಯವಿಲ್ಲ. ಕೆಲಸವಿಲ್ಲದೆ ಕಾಡು ತಿರುಗುವುದೆಂದರೇನು ಎಂದು ಹಿರಿಯರು ಗೊಣಗುವುದೂ ಉಂಟು. ಹೀಗೆ ಗೊಣಗುವವರಿಗೂ ಗೊಣಗಿಸಿಕೊಳ್ಳುವವರಿಗೂ ಒಂದು ಹಳೆಯ ಪ್ರವಾಸದ ಕಥೆಯನ್ನು ಹೇಳಬೇಕೆನಿಸಿದೆ. ಅದು ನಡೆದದ್ದು 1623ರಲ್ಲಿ, ನಮ್ಮ ಗೇರುಸೊಪ್ಪೆಯ ಘಟ್ಟದಲ್ಲಿ.

ಆ ವರ್ಷ ಮಳೆಗಾಲ ಕಳೆದ ಮೇಲೆ ಗೋವೆಯಿಂದ ಒಂದು ರಾಯಭಾರ ಹೊರಟಿತು. ಪೋರ್ಚುಗೀಸರು ಇಕ್ಕೇರಿಯ ವೆಂಕಟಪ್ಪ ನಾಯಕನಲ್ಲಿಗೆ ಕಳಿಸಿದ ರಾಯಭಾರಿ ಅದರ ಮುಂದಾಳು. ಗೋವೆಗೆ ಬಂದಿದ್ದ ವೆಂಕಟಪ್ಪ ನಾಯಕನ ದೂತ ವಿಠ್ಠಲ ಶೆಣೈ ಜೊತೆಗಾರ. ಮೆಣಸಿನ ವ್ಯಾಪಾರ, ಕರಾವಳಿಯ ಬಂಗರಾಜನ ರಾಜ್ಯದ ತಕರಾರು, ಇವು ಅವರ ಕೆಲಸ. ಈ ಇಬ್ಬರ ನಡುವೆ ಯಾವ ಕೆಲಸವೂ ಇಲ್ಲದ ಮೂರನೆಯವನೊಬ್ಬನಿದ್ದ. ಅವನೇ ಪಿಯೆತ್ರೊ ದೆಲ್ಲಾ ವಾಲ್ಲೆ, ರೋಮಿನ ಶ್ರೀಮಂತ ಮನೆತನದವನು, ವಯಸ್ಸು ಮೂವತ್ತೇಳು. ನಾಡು ನೋಡುವ ಆಸೆಯೊಂದೇ ಅವನನ್ನು ಎಳೆದು ತಂದಿತ್ತು. ತುರ್ಕಿ, ಪಾರಸಿ ದೇಶಗಳನ್ನು ಸುತ್ತಿ ಬಂದಿದ್ದ. ಬಾಗ್ದಾದಿನಲ್ಲಿ ಕೈಹಿಡಿದಿದ್ದ ಹೆಂಡತಿ 1621ರ ಕೊನೆಯಲ್ಲಿ ಪಾರಸಿಯಲ್ಲಿ ತೀರಿಕೊಂಡಾಗ, ಆಕೆಯ ದೇಹವನ್ನು ಕೆಡದಂತೆ ಮಾಡಿಸಿ ಪೆಟ್ಟಿಗೆಯಲ್ಲಿಟ್ಟು ಹಿಂದೂಸ್ಥಾನಕ್ಕೂ ತಂದ. ಕೊನೆಗೆ 1627ರಲ್ಲಿ ರೋಮಿನಲ್ಲಿ ಮಣ್ಣು ಮಾಡಿದ. ಅಂಥ ಮನುಷ್ಯ! ದಾರಿಯುದ್ದಕ್ಕೂ ಕಂಡದ್ದನ್ನೆಲ್ಲ ನೇಪಲ್ಸಿನ ಗೆಳೆಯ, ವೈದ್ಯ ಮಾರಿಯೊ ಸ್ಕಿಪಾನೊಗೆ ಕಾಗದ ಬರೆಯುತ್ತಿದ್ದ. ಆ ಕಾಗದಗಳಿಂದಲೇ ಈ ಪ್ರವಾಸದ ವಿಷಯ ನಮಗೆ ತಿಳಿದಿರುವುದು.

ಬಳಗ ಹೊನ್ನಾವರಕ್ಕೆ ಬಂತು. ಅಲ್ಲಿಂದ ಶರಾವತಿಯ ಮೇಲೆ ದೋಣಿಯಲ್ಲಿ ಗೇರುಸೊಪ್ಪೆಗೆ. ಈ ನದೀಯಾನ ದೆಲ್ಲಾ ವಾಲ್ಲೆಗೆ ಬಹಳ ಹಿಡಿಸಿತು. ಗೇರುಸೊಪ್ಪೆಯಲ್ಲಿ ಇಳಿದಾಗ ಮಾತ್ರ ಅವನ ಕಣ್ಣಿಗೆ ಬಿದ್ದದ್ದು ಬೇರೆಯೇ ನೋಟ. ಒಂದು ಕಾಲಕ್ಕೆ ಹೆಸರುವಾಸಿಯಾಗಿದ್ದ ರಾಜಧಾನಿ ಅದು. ಚೆನ್ನಭೈರಾದೇವಿ ಆಳಿದ ಊರು. ಅಲ್ಲಿಂದ ಹೋಗುತ್ತಿದ್ದ ಮೆಣಸಿನ ರಾಶಿಯನ್ನು ನೋಡಿ ಪೋರ್ಚುಗೀಸರು ಆ ರಾಣಿಗೆ ‘ಮೆಣಸಿನ ರಾಣಿ’ ಎಂದೇ ಹೆಸರಿಟ್ಟಿದ್ದರು. ವೆಂಕಟಪ್ಪ ನಾಯಕ ಆ ರಾಜ್ಯವನ್ನು ಗೆದ್ದುಕೊಂಡು ಆಗ ಹೆಚ್ಚುಕಡಿಮೆ ಎರಡು ದಶಕ. ಅಷ್ಟರಲ್ಲಿ ಊರೂ ಅರಮನೆಯೂ ಹಾಳುಬಿದ್ದು ಮರಗಿಡಗಳು ಮುಚ್ಚಿಕೊಂಡಿದ್ದವು. ಉಳಿದದ್ದು ಒಂದಷ್ಟು ಗುಡಿಸಲು.

ಓದುಗರು ಇಲ್ಲಿ ಒಂದು ಗಳಿಗೆ ನಿಲ್ಲಬೇಕು. ಎರಡು ದಶಕವೆಂದರೆ ಎಷ್ಟು? ತೊಟ್ಟಿಲ ಕೂಸು ಮದುವೆಗೆ ಬರುವಷ್ಟು ಕಾಲ. ಬರಿಯ ಅಷ್ಟರಲ್ಲಿ ಒಂದು ಪಟ್ಟಣವನ್ನು ಕಾಡು ನುಂಗಿತು. ಘಟ್ಟದ ಮಳೆ ಅಂಥದು. ನಾವು ಬೆನ್ನಿಗೆ ಚೀಲ ಹಾಕಿಕೊಂಡು ಒಳಹೊಕ್ಕಾಗ, ಮನುಷ್ಯನ ಕೈಸೋಕದ ಕಾಡು ಇದು ಎಂದು ಉದ್ಗಾರ ತೆಗೆಯುತ್ತೇವೆ. ಗೇರುಸೊಪ್ಪೆಯಲ್ಲಿ ಆ ಉದ್ಗಾರಕ್ಕೆ ಅಷ್ಟು ಬೆಲೆ ಕೊಡಬೇಕಾಗಿಲ್ಲ. ಅಲ್ಲಿ ಬೇರಿನ ಕೆಳಗೆ ಬೀದಿಗಳಿವೆ. ಕಾಡಿನ ನಡುವೆ ಇಂದಿಗೂ ನಿಂತಿರುವ ನಗರಬಸ್ತಿಕೇರಿಯ ಚತುರ್ಮುಖ ಬಸದಿಯೇ ಅದಕ್ಕೆ ಸಾಕ್ಷಿ.

ಇನ್ನೊಂದು ಮಾತು. ಆ ಪಟ್ಟಣವನ್ನು ಸಾಕಿದ್ದೂ ಕಾಡೇ. ಮೆಣಸು ಘಟ್ಟದ ನಿತ್ಯಹಸುರಿನ ಬಳ್ಳಿ. ನೆರಳು ಬೇಕು, ತಂಪು ಬೇಕು, ಹಬ್ಬಲು ಮರ ಬೇಕು. ಮಲೆನಾಡಿನವರು ‘ಕಾನು’ ಎಂದು ಕರೆಯುವ ದಟ್ಟ ಕಾಡುಗಳನ್ನು ಹಳ್ಳಿಯವರು ಕಡಿಯದೆ ಉಳಿಸಿಕೊಂಡು, ಅಲ್ಲಿನ ಮರಗಳ ಮೇಲೆ ಮೆಣಸು ಬೆಳೆಯುತ್ತಿದ್ದರು. ಕಾನಿನೊಳಗೆ ದೇವರ ನೆಲೆಯೂ ಇರುತ್ತಿತ್ತಾಗಿ ಕೊಡಲಿಗೆ ಅಂಜಿಕೆಯೂ ಇತ್ತು. 1801ರಲ್ಲಿ ಈ ಪ್ರಾಂತದಲ್ಲಿ ಸಂಚರಿಸಿದ ಬುಕಾನನ್ ಕಾಡುಮರಗಳ ನಡುವಿನ ಮೆಣಸಿನ ಬೆಳೆಯ ಬಗೆಯನ್ನು ವಿವರವಾಗಿ ಬರೆದಿಟ್ಟಿದ್ದಾನೆ. ಲಿಸ್ಬನ್ನಿಗೆ ಹೋದ ಮೆಣಸಿನ ಹಿಂದೆ ಇಂಥ ಕಾನುಗಳು ಎಷ್ಟಿದ್ದವೋ!

ಇರಲಿ, ನಮ್ಮ ಬಳಗ ಘಟ್ಟದ ಬುಡದಲ್ಲಿದೆ. ಹತ್ತುವ ದಾರಿ ಕಾಡಿನೊಳಗಿನದು. ಇಂದಿನ ರಸ್ತೆ ಆಗ ಇರಲಿಲ್ಲ; ಸರಕು ಹೊರುವವರು ಸವೆಸಿದ ದಾರಿಯೇ ದಾರಿ. ರೋಮಿನವನು ಈ ಬೆಟ್ಟವನ್ನು ತನ್ನ ನಾಡಿನ ಅಪೆನೈನ್ ಬೆಟ್ಟಸಾಲಿನೊಡನೆ ಹೋಲಿಸಿ ನೋಡಿದ. ಹಸುರನ್ನು ಕಂಡು ಮನಸಾರೆ ಮೆಚ್ಚಿದ. ಮಳೆ ಈಗಷ್ಟೇ ಹಿಂದೆ ಸರಿದ ಕಾಲ. ಘಟ್ಟದ ಚೆಲುವನ್ನು ಕಾಣಲು ಅದಕ್ಕಿಂತ ಒಳ್ಳೆಯ ಕಾಲವಿಲ್ಲವೆಂದು ಬಲ್ಲವರೆಲ್ಲ ಹೇಳುತ್ತಾರೆ.

ಮೇಲೆ ಒಂದು ಕೋಟೆ. ಅವನು ಅದನ್ನು ಗರಿಕೋಟ ಎಂದು ಕರೆಯುತ್ತಾನೆ. ಇಂದಿನ ಗೋವರ್ಧನಗಿರಿ ಅದೇ ಎಂದು ಗುರುತಿಸಿದ್ದಾರೆ. ಅಲ್ಲಿ ಹನುಮಂತನ ಗುಡಿಯೊಂದಿತ್ತು. ಹೊರೆಗಳನ್ನು ಸರಿಪಡಿಸುವುದರಲ್ಲಿ ಆಳುಗಳು ತೊಡಗಿದ್ದರು. ಕಾಯುವುದು ಬೇಸರವಾಗಿ ನಮ್ಮ ಪ್ರವಾಸಿ ಗುಡಿಯ ಜಗಲಿಯಲ್ಲಿ ಕುಳಿತ. ನಾಲ್ಕು ಮಂದಿ ಹುಡುಗರು ಅಲ್ಲಿ ಲೆಕ್ಕ ಕಲಿಯುತ್ತಿದ್ದರು. ನೆಲದ ಮೇಲೆ ನುಣ್ಣನೆಯ ಮರಳು. ಒಬ್ಬ ರಾಗವಾಗಿ ಒಂದು ಸಾಲು ಹೇಳುತ್ತ ಬೆರಳಿನಿಂದ ಮರಳಿನ ಮೇಲೆ ಅಂಕಿ ಬರೆಯುವನು. ಉಳಿದ ಮೂವರೂ ಅದನ್ನೇ ಹಾಡಿ ಅದನ್ನೇ ಬರೆಯುವರು. ನೆಲ ತುಂಬಿದರೆ ಅಳಿಸಿ ಹೊಸ ಮರಳು ಚೆಲ್ಲಿಕೊಳ್ಳುವರು. ಕಾಗದ, ಲೇಖನಿ, ಶಾಯಿ ಯಾವುದರ ಖರ್ಚೂ ಇಲ್ಲ. ಗುರುವೂ ಹತ್ತಿರವಿರಲಿಲ್ಲ. ಮರೆತರೆ ತಿದ್ದುವವರು ಯಾರು ಎಂದು ಇವನು ಕೇಳಿದ. ನಾಲ್ವರೂ ಒಂದೇ ಜಾಗದಲ್ಲಿ ಮರೆಯುವುದುಂಟೆ, ಒಬ್ಬ ತಪ್ಪಿದರೆ ಮತ್ತೊಬ್ಬ ತಿದ್ದುತ್ತಾನೆ ಎಂಬ ಅರ್ಥದ ಜವಾಬು ಬಂತು. ಇಷ್ಟು ಸುಲಭವಾದ, ಸೊಗಸಾದ ಕಲಿಕೆಯ ಕ್ರಮವಿದೆಯೆ ಎಂದು ಅವನು ಬೆರಗಾದ. ಮರಳಿನ ಮೇಲೆ ಬೆರಳಾಡಿಸಿ ಮಗ್ಗಿ ಕಲಿತ ಅಜ್ಜ ನಿಮ್ಮ ಮನೆತನದಲ್ಲಿ ಇದ್ದರೆ, ಈ ಚಿತ್ರ ನಿಮಗೆ ಹೊಸದಲ್ಲ. ದೇಶದ ಹಳೆಯ ಶಿಕ್ಷಣದ ಚರಿತ್ರೆ ಬರೆಯುವವರು ಇಂದಿಗೂ ಈ ಭಾಗವನ್ನು ಎತ್ತಿ ಹೇಳುವುದುಂಟು. ರಾಯಭಾರಿಯ ಮೆಣಸಿನ ಮಾತುಕತೆಯನ್ನು ನೆನೆಯುವವರು ಕಡಿಮೆ. ಹೆಸರು ತಿಳಿಯದ ಆ ನಾಲ್ವರು ಹುಡುಗರು ಮಾತ್ರ ಉಳಿದುಕೊಂಡರು.

ಮುಂದೆ ಬಳಗ ಇಕ್ಕೇರಿ ಸೇರಿತು. 1623ರ ನವೆಂಬರ್ 22ರಂದು ಅಲ್ಲಿಂದಲೇ ಗೆಳೆಯನಿಗೆ ದೊಡ್ಡ ಕಾಗದ ಬರೆದ. ನಾಯಕನ ಸಭೆ, ಬೀದಿ, ಉತ್ಸವ ಎಲ್ಲವೂ ಅದರಲ್ಲಿದೆ. ಸಹಗಮನಕ್ಕೆ ಸಿದ್ಧಳಾಗಿದ್ದ ಜಕ್ಕಮ್ಮನೆಂಬ ಹೆಣ್ಣುಮಗಳನ್ನು ಕಂಡು, ಬೇಡವೆಂದು ಬಗೆಬಗೆಯಾಗಿ ಹೇಳಿ ಸೋತ ಸಂಗತಿಯೂ ಇದೆ. ಅದೊಂದು ಬೇರೆ ಕಥೆ. ಅವನ ಹಿಂದೂಸ್ಥಾನದ ಕಾಗದಗಳು ಅಚ್ಚಾದದ್ದು 1663ರಲ್ಲಿ, ಅವನು ಸತ್ತು ಹನ್ನೊಂದು ವರ್ಷಗಳಾದ ಮೇಲೆ.

ಈ ದಾರಿಯನ್ನು ನೋಡಬೇಕೆಂಬ ಮನಸ್ಸಾದರೆ ಹೊನ್ನಾವರದಿಂದ ಸಾಗರದ ಕಡೆಯ ಬಸ್ಸು ಹಿಡಿಯಬಹುದು. ಗೇರುಸೊಪ್ಪೆ ದಾಟಿ ಮಾವಿನಗುಂಡಿಯತ್ತ ಏರುವಾಗ ಕತ್ತಲೆಕಾನು ಸಿಗುತ್ತದೆ. ಹೆಸರೇ ಹೇಳುವಂತೆ ಹಗಲಲ್ಲೂ ಮಬ್ಬು. ಅಲ್ಲಿನ ಜೌಗಿನಲ್ಲಿ ರಾಮಪತ್ರೆಯ ಜಾತಿಯ ಮರಗಳು ಉಸಿರಿಗಾಗಿ ಬೇರುಗಳನ್ನು ಮಂಡಿಯ ಹಾಗೆ ನೀರಿನಿಂದ ಮೇಲೆತ್ತಿ ನಿಂತಿವೆ. ಗೇರಿನ ಬಳಗಕ್ಕೆ ಸೇರಿದ ಒಂದು ಮರಕ್ಕೆ 2000ದಲ್ಲಿ ಈ ಕಾನಿನ ಹೆಸರನ್ನೇ ಇಟ್ಟರು. ಅಂಥ ಮರಗಳು ಬೆರಳೆಣಿಕೆಯಷ್ಟೇ ಉಳಿದಿವೆ. ಶರಾವತಿ ಕಣಿವೆಯ ಬಹುಭಾಗ 2019ರಿಂದ ಸಿಂಗಳೀಕಗಳ ಅಭಯಾರಣ್ಯ. ಈ ಕೋತಿ ನೆಲಕ್ಕಿಳಿಯುವುದು ಅಪರೂಪ. ಕೊಂಬೆಗೆ ಕೊಂಬೆ ಕೂಡಿರಬೇಕು, ಮರಗಳ ಸಾಲು ಎಲ್ಲಿ ಕಡಿಯಿತೋ ಅಲ್ಲಿಗೆ ಅದರ ರಾಜ್ಯ ಮುಗಿಯಿತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಮುಗಿದು ಮೇಲಿನ ಕಣಿವೆಯ ಊರುಗಳೂ ಕಾಡೂ ನೀರಿನಡಿ ಹೋದವು. ಕೆಳಗೆ ಗೇರುಸೊಪ್ಪೆಯಲ್ಲೂ ಅಣೆಕಟ್ಟಾಯಿತು. ಈಗ ತಲಕಳಲೆ ಮತ್ತು ಗೇರುಸೊಪ್ಪೆಯ ಜಲಾಶಯಗಳ ನಡುವೆ ನೀರನ್ನು ಮೇಲೆತ್ತಿ ಕೆಳಗಿಳಿಸಿ 2000 ಮೆಗಾವಾಟ್ ವಿದ್ಯುತ್ತು ತೆಗೆಯುವ ಯೋಜನೆ ಬಂದು, ಬಿಸಿಬಿಸಿ ವಾದವೆದ್ದಿದೆ. ದೀಪವೂ ಬೇಕು ನಿಜ. ಆದರೆ ಆ ಇಳಿಜಾರಿನಲ್ಲಿ ಕೊಂಬೆಗಳ ಸಾಲು ಇನ್ನೊಮ್ಮೆ ಕಡಿದರೆ ಅದನ್ನು ಕೂಡಿಸುವವರು ಯಾರೆಂಬುದಕ್ಕೆ ನನಗಂತೂ ಒಪ್ಪುವ ಉತ್ತರ ಸಿಕ್ಕಿಲ್ಲ. ಪಾಳುಬಿದ್ದ ಊರಿನ ಮೇಲೆ ಗಿಡ ಬೆಳೆಯಲು ಎರಡು ದಶಕ ಸಾಕಾಯಿತು. ಕತ್ತಲೆಕಾನಿನಂಥ ಜೌಗುಕಾಡು ಆ ಲೆಕ್ಕಕ್ಕೆ ಸಿಕ್ಕುವುದಲ್ಲ.

ಹೋಗುವವರು ನವೆಂಬರಿನಲ್ಲಿ ಹೋಗಿ. ಅಭಯಾರಣ್ಯದೊಳಗೆ ಕಾಲಿಡುವುದಕ್ಕೂ ರಾತ್ರಿ ತಂಗುವುದಕ್ಕೂ ಅರಣ್ಯ ಇಲಾಖೆಯ ಅಪ್ಪಣೆಯನ್ನು ಮೊದಲೇ ಕೇಳಿ. ಉಂಬಳಕ್ಕೆ ಸುಣ್ಣವೋ ಉಪ್ಪೋ ಜೊತೆಗಿರಲಿ. ಬಸದಿಗೆ ಹೋಗುವುದನ್ನು ಮಾತ್ರ ಬೆಳಗಿನ ಹೊತ್ತಿಗೆ ಇಟ್ಟುಕೊಳ್ಳಿ. ಆಗ ಮರಗಳ ಸಂದಿನಿಂದ ಬಿಸಿಲು ನಾಲ್ಕು ಬಾಗಿಲುಗಳಲ್ಲಿ ಒಂದರ ಮೂಲಕ ಒಳಗೆ ಬೀಳುತ್ತದೆ.