ಮೀಣ್ಯಂ ಹತ್ಯಾಕಾಂಡ: ಸೇಡು, ಸಂಶಯ ಮತ್ತು ಸೆರೆ

ದಂತ ಕೊಳ್ಳುವವರ ಸೋಗಿನಲ್ಲಿ ವೀರಪ್ಪನ್ ಬೇಟೆಗೆ ಹೊರಟಿದ್ದ ಎಸ್‌ಪಿ ಟಿ. ಹರಿಕೃಷ್ಣ, ಸಬ್‌ಇನ್‌ಸ್ಪೆಕ್ಟರ್ ಶಕೀಲ್ ಅಹಮದ್ ಹಾಗೂ ನಾಲ್ವರು ಪೊಲೀಸರು 1992ರ ಆಗಸ್ಟ್ 14ರಂದು ಮೀಣ್ಯಂ ಬಳಿ ಗುಂಡಿಗೆ ಬಲಿಯಾದರು. ಅಂದು ಕೊಳ್ಳೇಗಾಲಕ್ಕೆ ಸೇರಿದ್ದ ಈ ಊರು ಇಂದು ಹನೂರು ತಾಲ್ಲೂಕಿನಲ್ಲಿದೆ.

ಕಾರಣ ಹುಡುಕಿದವರಿಗೆ ಮೊದಲು ಕಂಡದ್ದು ಸೇಡು. ಅದೇ ಫೆಬ್ರುವರಿಯಲ್ಲಿ ದಂತಚೋರನ ಬಂಟ ಗುರುನಾಥನ್ ಪೊಲೀಸರ ಗುಂಡಿಗೆ ಬಲಿಯಾಗಿದ್ದ. ಅವನನ್ನು ಹಿಡಿದವರು ಶಕೀಲ್. ಮೇ ತಿಂಗಳಲ್ಲಿ ರಾಮಾಪುರ ಠಾಣೆಗೆ ನುಗ್ಗಿದ ತಂಡ ಐವರು ಪೊಲೀಸರನ್ನು ಕೊಂದು ಬಂದೂಕುಗಳನ್ನು ಹೊತ್ತೊಯ್ದಿತ್ತು. ಆದರೆ ಸೇಡಿನಿಂದಷ್ಟೇ ಹೊಂಚು ಫಲಿಸದು. ಮೀಣ್ಯಂನಲ್ಲಿ ಪೊಲೀಸರು ನಂಬಿದ್ದ ಮಾಹಿತಿದಾರನ ಮೂಲಕವೇ ಬಲೆ ಬೀಸಲಾಗಿತ್ತು. ಯಾರು ಯಾರ ಕಡೆಯವರೆಂಬ ಸಂಶಯ ಕಾಡಂಚಿನ ಹಳ್ಳಿಗಳನ್ನು ಆಮೇಲೆ ಬಿಡಲೇ ಇಲ್ಲ. 1993ರ ಏಪ್ರಿಲ್‌ನ ಪಾಲಾರ್ ನೆಲಬಾಂಬ್ ಸ್ಫೋಟ 22 ಜನರನ್ನು ಕೊಂದ ಮೇಲಂತೂ ಟಾಡಾ ಕಾಯ್ದೆಯಡಿ ಹಿಡಿದು ತಂದವರು ವರ್ಷಗಟ್ಟಲೆ ಮೈಸೂರಿನ ಸೆರೆಮನೆಯಲ್ಲಿ ಉಳಿದರು.

2000ದ ಜುಲೈ 30ರಂದು ರಾಜಕುಮಾರ್ ಅಪಹರಣವಾದಾಗ ಈ ಬಂದಿಗಳ ಬಿಡುಗಡೆಯೂ ವೀರಪ್ಪನ್‌ನ ಬೇಡಿಕೆಯಾಯಿತು. ಸರಕಾರ ಟಾಡಾ ಆರೋಪ ಕೈಬಿಡಲು ಮುಂದಾಯಿತು. ನಾಡಿಗೆ ನಾಡೇ ನಟನಿಗಾಗಿ ಹರಕೆ ಹೊತ್ತಿದ್ದ ಆ ದಿನಗಳಲ್ಲಿ ಶಕೀಲ್ ಅವರ ತಂದೆ ಅಬ್ದುಲ್ ಕರೀಂ ಸುಪ್ರೀಂ ಕೋರ್ಟಿನ ಮೆಟ್ಟಿಲೇರಿದರು. ನವೆಂಬರ್ 7ರಂದು ಕೋರ್ಟು ಅವರ ಮಾತನ್ನು ಎತ್ತಿಹಿಡಿಯಿತು.

ಮಗನನ್ನು ಕಳೆದುಕೊಂಡ ತಂದೆಯ ಪ್ರಶ್ನೆ ನ್ಯಾಯವಾದದ್ದೇ. ಆದರೆ ಮರುವರ್ಷ ಮೈಸೂರಿನ ವಿಶೇಷ ನ್ಯಾಯಾಲಯ ಆರೋಪಿಗಳಲ್ಲಿ ನೂರಕ್ಕೂ ಹೆಚ್ಚು ಮಂದಿಯನ್ನು ಖುಲಾಸೆ ಮಾಡಿತು. ಕಾರ್ಯಪಡೆಯ ದೌರ್ಜನ್ಯದ ದೂರುಗಳನ್ನು ನ್ಯಾಯಮೂರ್ತಿ ಎ.ಜೆ. ಸದಾಶಿವ ಸಮಿತಿ ಆಲಿಸಿತು. ಎರಡೂ ರಾಜ್ಯಗಳ 89 ಸಂತ್ರಸ್ತರಿಗೆ 2.80 ಕೋಟಿ ರೂಪಾಯಿ ಪರಿಹಾರವನ್ನು ಮಾನವ ಹಕ್ಕುಗಳ ಆಯೋಗ ಶಿಫಾರಸು ಮಾಡಿದ್ದು 2007ರಲ್ಲಿ.